ಕೊಳ ಮುಚ್ಚಿದ ಹಸಿರು: ತೇಲುವ ಕಳೆಯನ್ನು ಗುರುತಿಸುವ ಮತ್ತು ಹತೋಟಿಗೆ ತರುವ ಕ್ರಮ

ಮನೆಯಂಗಳದ ಅಥವಾ ತೋಟದ ಕೊಳದಲ್ಲಿ ನೀರೇ ಕಾಣದಂತೆ ಹಸಿರು ಹರಡಿಕೊಂಡಾಗ ಹೆಚ್ಚಿನವರು ಮೊದಲು ಬಲೆ ಹಿಡಿದು ಅದನ್ನು ಎತ್ತಿ ಹಾಕುತ್ತಾರೆ. ಮೂರು ವಾರಗಳಲ್ಲಿ ಅದು ಮತ್ತೆ ತುಂಬಿಕೊಂಡಾಗ ಯಾವ ಔಷಧ ಹೊಡೆಯಬೇಕು ಎಂದು ಕೇಳುತ್ತಾರೆ. ಇವೆರಡರ ನಡುವೆ ಆಗಬೇಕಾದ ಕೆಲಸವೊಂದು ಬಿಟ್ಟುಹೋಗಿರುತ್ತದೆ. ಅದು ಯಾವ ಗಿಡ, ತೆಗೆದ ಮೇಲೂ ಎಲ್ಲಿಂದ ಮರಳಿ ಬರುತ್ತಿದೆ, ಏನನ್ನು ಉಂಡು ಬೆಳೆಯುತ್ತಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳದೆ ತೆಗೆದ ಕಳೆ ಮರಳಿ ಬಂದೇ ಬರುತ್ತದೆ. ಈ ಬರಹ ಆ ಮೂರು ಪ್ರಶ್ನೆಗಳ ಸುತ್ತಲೇ ಇದೆ.

ಕೋಲು ಮತ್ತು ಗಾಜಿನ ಬಾಟಲಿ

ನೀರಿನ ಮೇಲೆ ಕಾಣುವ ಹಸಿರೆಲ್ಲವೂ ತೇಲುವ ಗಿಡವಲ್ಲ. ಆದ್ದರಿಂದ ಮೊದಲು ಒಂದು ಕೋಲನ್ನು ಹಸಿರಿನೊಳಗೆ ಅದ್ದಿ ಮೆಲ್ಲಗೆ ಮೇಲೆತ್ತಿ ನೋಡಬೇಕು. ಒದ್ದೆ ಕೂದಲಿನಂತೆ ಉದ್ದಕ್ಕೆ ಜೋತುಬಿದ್ದು ಬಂದರೆ ಅದು ನೂಲುಪಾಚಿ. ಅದು ತಳದಲ್ಲಿ ಬೆಳೆದು, ಬಿಸಿಲೇರಿದಾಗ ತಾನೇ ಬಿಡುವ ಆಮ್ಲಜನಕದ ಗುಳ್ಳೆಗಳ ಬಲದಿಂದ ತೇಲಿ ಬಂದಿರುತ್ತದೆ. ಕೋಲಿಗೆ ಬಣ್ಣ ಬಳಿದಂತೆ ಅಂಟಿಕೊಂಡು, ಎಳೆಯಾಗಲಿ ಎಲೆಯಾಗಲಿ ಕಾಣದಿದ್ದರೆ, ಆ ನೀರನ್ನು ಗಾಜಿನ ಬಾಟಲಿಯಲ್ಲಿ ತುಂಬಿ ಕೆಲವು ಗಂಟೆ ಅಲುಗಿಸದೆ ಇಡಬೇಕು. ಹಸಿರು ಬಾಟಲಿಯ ಕೊರಳಿಗೆ ಏರಿ ಪದರವಾಗಿ ನಿಂತರೆ ಅದು ಹೆಚ್ಚಾಗಿ ನೀಲಿಹಸಿರು ಪಾಚಿ. ಇದರ ಕೆಲವು ಬಗೆಗಳು ಯಕೃತ್ತಿಗೆ ಹಾನಿ ಮಾಡುವ ವಿಷವನ್ನು ಬಿಡುವುದರಿಂದ, ದನ ಮತ್ತು ನಾಯಿಗಳು ಆ ನೀರು ಕುಡಿಯದಂತೆ ನೋಡಿಕೊಳ್ಳಬೇಕು. ಬರಿಗೈಯಲ್ಲಿ ಅದನ್ನು ಕದಡಲೂಬಾರದು. ಸುಡುವ ಬಿಸಿಲಿನಲ್ಲಿ ಇಟ್ಟಿಗೆಪುಡಿ ಉದುರಿಸಿದಂತೆ ಕೆಂಪಾಗಿ, ಸಂಜೆಯಾದಂತೆ ಹಸಿರಿಗೆ ತಿರುಗುವ ಪೊರೆ ಯೂಗ್ಲಿನಾ ಎಂಬ ಸೂಕ್ಷ್ಮಜೀವಿಯದ್ದು. ಇವು ಮೂರಕ್ಕೂ ಬಲೆ ಹಾಕಿ ಕಳೆ ತೆಗೆಯುವ ಕ್ರಮ ಹೊಂದುವುದಿಲ್ಲ. ಆದರೆ ನೀರಿಗೆ ಬಂದು ಸೇರುತ್ತಿರುವ ಗೊಬ್ಬರದ ಸಾರವನ್ನು ತಡೆಯುವುದರ ಕುರಿತು ಮುಂದೆ ಹೇಳಿರುವುದು ಇವುಗಳಿಗೂ ಅನ್ವಯಿಸುತ್ತದೆ.

ತಾವರೆ, ನೈದಿಲೆಗಳ ಎಲೆಗಳೂ ತೇಲುತ್ತವೆ, ಆದರೆ ಅವುಗಳ ಬೇರು ಕೆಸರಿನಲ್ಲಿರುತ್ತದೆ. ಎಲೆಯನ್ನು ಹಿಡಿದು ಎಳೆದಾಗ ತೊಟ್ಟು ತಳದ ಕಡೆಗೆ ಬಿಗಿಯಾಗಿ ಎಳೆಯುತ್ತಿದ್ದರೆ ಅದನ್ನು ಉಳಿಸಿಕೊಳ್ಳಬೇಕು. ಕಳೆ ತೆಗೆಯುವ ಭರದಲ್ಲಿ ನೈದಿಲೆಯ ಎಳೆ ಎಲೆಗಳನ್ನೂ ಕಿತ್ತು ಹಾಕಿದ ಕೊಳಗಳನ್ನು ನಾನು ಕಂಡಿದ್ದೇನೆ. ನೆರಳು ಕೊಡುತ್ತಿದ್ದ ಎಲೆ ಹೋದ ಮೇಲೆ ಕಳೆಯ ಬೆಳವಣಿಗೆ ಇನ್ನಷ್ಟು ಬಿರುಸಾಗುತ್ತದೆ.

ಹೆಸರಿನಿಂದಲ್ಲ, ರೂಪದಿಂದ

ನಮ್ಮಲ್ಲಿ ‘ಅಂತರಗಂಗೆ’ ಎಂಬ ಒಂದೇ ಹೆಸರು ಎರಡು ಬೇರೆ ಬೇರೆ ಗಿಡಗಳಿಗೆ ಬಳಕೆಯಾಗುತ್ತಿದೆ. ಹಳೆಯ ಬಳಕೆಯಲ್ಲಿ ಅದು ಪಿಸ್ಟಿಯಾ ಸ್ಟ್ರಾಟಿಯೋಟಿಸ್. ಇತ್ತೀಚೆಗೆ ಕೆರೆಗಳನ್ನು ತುಂಬಿರುವ ನೇರಳೆ ಹೂವಿನ ವಾಟರ್ ಹಯಸಿಂತ್‌ಗೂ ಜನ ಅದೇ ಹೆಸರನ್ನು ಹೇಳುತ್ತಾರೆ. ಹಾಗಾಗಿ ಯಾರಾದರೂ ಕೊಳದಲ್ಲಿ ಅಂತರಗಂಗೆ ಬಂದಿದೆ ಎಂದರೆ ಗಿಡದ ಚಿತ್ರ ನೋಡುವವರೆಗೆ ಸಲಹೆ ಕೊಡದಿರುವುದು ಒಳ್ಳೆಯದು.

ಪಿಸ್ಟಿಯಾ ಚಿಕ್ಕ ಎಲೆಕೋಸು ಬಿರಿದಂತೆ ಕಾಣುತ್ತದೆ. ಎಲೆಗೆ ಎದ್ದುಕಾಣುವ ತೊಟ್ಟಿಲ್ಲ, ಮೈಮೇಲೆ ಉದ್ದುದ್ದ ಗೀರುಗಳಿವೆ, ಮುಟ್ಟಿದರೆ ಮಖಮಲ್ಲಿನಂತೆ ಮೆತ್ತಗಿದ್ದು ನೀರು ಅಂಟದೆ ಜಾರುತ್ತದೆ. ತಾಯಿಗಿಡದಿಂದ ಬಳ್ಳಿಯಂತಹ ಕುಡಿ ಹೊರಟು ಅದರ ತುದಿಯಲ್ಲಿ ಮರಿಗಿಡ ಕೂರುತ್ತದೆ. ಹಯಸಿಂತ್‌ನ ಎಲೆ ನುಣುಪಾಗಿ ಹೊಳೆಯುತ್ತದೆ. ಗಿಡಗಳು ವಿರಳವಾಗಿದ್ದಾಗ ತೊಟ್ಟು ಗಾಳಿ ತುಂಬಿದ ಚೆಂಡಿನಂತೆ ಉಬ್ಬಿರುತ್ತದೆ, ಒತ್ತೊತ್ತಾಗಿ ಬೆಳೆದಾಗ ಉಬ್ಬು ಮಾಯವಾಗಿ ತೊಟ್ಟು ನೀಳವಾಗುತ್ತದೆ. ಒಂದೇ ಗಿಡಕ್ಕೆ ಎರಡು ರೂಪಗಳಿರುವುದರಿಂದ ಬೇರೆ ಜಾತಿ ಎಂದು ಮೋಸಹೋಗುವವರಿದ್ದಾರೆ. ಹೂವಿನ ಮೇಲಿನ ದಳದಲ್ಲಿ ನವಿಲುಗರಿಯ ಕಣ್ಣಿನಂತಹ ಹಳದಿ ಮಚ್ಚೆ ಕಂಡರೆ ಸಂಶಯಕ್ಕೆ ಎಡೆಯಿಲ್ಲ. ಅಮೆಜಾನ್ ಪ್ರದೇಶದ ಈ ಗಿಡ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಂದದ ಹೂಗಿಡವಾಗಿ ಬಂಗಾಳಕ್ಕೆ ಬಂತು. ಇಂದಿಗೂ ಅದೇ ಅಂದಕ್ಕಾಗಿ ಮನೆಯ ತೊಟ್ಟಿ, ಕೊಳಗಳಿಗೆ ಬಂದು ಸೇರುತ್ತಿದೆ.

ಸಾಲ್ವೀನಿಯಾ ಎಂಬ ಜರೀಗಿಡವನ್ನು ಗುರುತಿಸಲು ಭೂತಗನ್ನಡಿ ಬೇಕು. ಎಲೆಗಳು ಜೋಡಿಜೋಡಿಯಾಗಿರುತ್ತವೆ. ಎಲೆಯ ಮೇಲ್ಮೈಯಲ್ಲಿ ನಿಂತ ಸಣ್ಣ ರೋಮಗಳು ತುದಿಯಲ್ಲಿ ಮತ್ತೆ ಕೂಡಿಕೊಂಡು, ಮೊಟ್ಟೆ ಕಡೆಯುವ ತಂತಿ ಕಡೆಗೋಲಿನ ಆಕಾರ ತಾಳಿರುತ್ತವೆ. ಕೆಳಗೆ ಬೇರಿನಂತೆ ಕಾಣುವುದು ಬೇರಲ್ಲ, ರೂಪಾಂತರ ಹೊಂದಿದ ಮೂರನೆಯ ಎಲೆ. ಎಳೆಯದಾಗಿದ್ದಾಗ ನೀರಿಗೆ ಮಟ್ಟಸವಾಗಿ ಮಲಗಿರುವ ಎಲೆಗಳು ಒತ್ತೊತ್ತಾದಂತೆ ಮಡಚಿಕೊಂಡು ನೆಟ್ಟಗೆ ನಿಲ್ಲುತ್ತವೆ, ಆಮೇಲೆ ಪದರದ ಮೇಲೆ ಪದರ ಬೆಳೆಯುತ್ತದೆ. ಅಜೋಲ್ಲಾ ಕೂಡ ಜರೀಗಿಡವೇ, ಆದರೆ ಉಗುರಿನಷ್ಟೇ ಅಗಲ. ಹೈನುಗಾರರು ಮೇವಿಗಾಗಿ ಬೆಳೆಸುವ ಗಿಡ ಇದೇ ಆದ್ದರಿಂದ ಹಳ್ಳಿಗಳಲ್ಲಿ ಇದರ ಪರಿಚಯ ಎಲ್ಲರಿಗೂ ಇದೆ. ಬಿಸಿಲು, ಚಳಿ ಅಥವಾ ರಂಜಕದ ಕೊರತೆ ಹೆಚ್ಚಾದಾಗ ಕೆಂಪಾಗುತ್ತದೆ.

ಎಲ್ಲಕ್ಕಿಂತ ಸಣ್ಣದು ಡಕ್‌ವೀಡ್. ಮಸೂರ ಬೇಳೆಯಷ್ಟಿದ್ದು ಒಂದೇ ಬೇರು ತೂಗುತ್ತಿದ್ದರೆ ಲೆಮ್ನಾ. ಅದಕ್ಕಿಂತ ದೊಡ್ಡದಾಗಿ, ಅಡಿಭಾಗ ನೇರಳೆಗೆಂಪಾಗಿ, ಬೇರುಗಳ ಗೊಂಚಲಿದ್ದರೆ ಸ್ಪೈರೊಡೆಲಾ. ಬೆರಳುಗಳ ನಡುವೆ ನುಣ್ಣನೆಯ ರವೆಯಂತೆ ಉರುಳಿ, ಬೇರೇ ಇಲ್ಲದಿದ್ದರೆ ವುಲ್ಫಿಯಾ. ಜಗತ್ತಿನ ಅತಿ ಚಿಕ್ಕ ಹೂಬಿಡುವ ಗಿಡಗಳು ವುಲ್ಫಿಯಾ ಕುಲದವು.

ಗುರುತು ತಪ್ಪಿದರೆ ಏನಾಗುತ್ತದೆ

ಗುರುತಿನ ವಿಷಯಕ್ಕೆ ಇಷ್ಟು ಒತ್ತು ಏಕೆ ಎಂಬುದಕ್ಕೆ ಸಾಲ್ವೀನಿಯಾದ ಇತಿಹಾಸವೇ ಸಾಕ್ಷಿ. ಕೇರಳದ ಕುಟ್ಟನಾಡನ್ನೂ ಆಫ್ರಿಕ, ಆಸ್ಟ್ರೇಲಿಯಾಗಳ ಜಲಾಶಯಗಳನ್ನೂ ಮುಚ್ಚಿದ ಈ ಗಿಡವನ್ನು ವಿಜ್ಞಾನಿಗಳು ಬಹುಕಾಲ ಸಾಲ್ವೀನಿಯಾ ಆರಿಕ್ಯುಲೇಟಾ ಎಂದೇ ತಿಳಿದಿದ್ದರು. ಆ ಜಾತಿಯ ಮೇಲೆ ಬದುಕುವ ಕೀಟಗಳನ್ನು ತಂದು ಬಿಟ್ಟರು, ಅವು ಹೇಳಿಕೊಳ್ಳುವಂತಹ ಫಲ ಕೊಡಲಿಲ್ಲ. 1972ರಲ್ಲಿ ಇದು ಬೇರೆಯೇ ಜಾತಿ ಎಂದು ನಿರ್ಧಾರವಾಗಿ ಸಾಲ್ವೀನಿಯಾ ಮೊಲೆಸ್ಟಾ ಎಂಬ ಹೆಸರು ಬಂತು. ಅದರ ತವರು ಆಗ್ನೇಯ ಬ್ರೆಜಿಲ್ ಎಂದು ಆಮೇಲೆ ಪತ್ತೆಯಾಗಿ, ಅಲ್ಲಿಂದ ತಂದ ಸಿರ್ಟೊಬೇಗಸ್ ಎಂಬ ಪುಟ್ಟ ಮೂತಿಹುಳು ಗಿಡವನ್ನು ನಿಜವಾಗಿ ಮಣಿಸಿತು. ಆ ಹುಳುವನ್ನೂ ಮೊದಲು ಬೇರೊಂದು ಜಾತಿ ಎಂದೇ ಭಾವಿಸಲಾಗಿತ್ತು. 1985ರಲ್ಲಷ್ಟೇ ಅದಕ್ಕೆ ಸಿರ್ಟೊಬೇಗಸ್ ಸಾಲ್ವಿನಿಯೆ ಎಂಬ ಸ್ವಂತ ಹೆಸರು ದೊರೆಯಿತು.

ಆ ಹುಳುವನ್ನು 1982ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತರಿಸಿ, 1983–84ರಲ್ಲಿ ಬಿಟ್ಟದ್ದು ಬೆಂಗಳೂರಿನ ಒಂದು ನೈದಿಲೆ ಕೊಳಕ್ಕೆ. ಹನ್ನೊಂದು ತಿಂಗಳೊಳಗೆ ಸಾಲ್ವೀನಿಯಾ ಕುಸಿದು, ಅದರಡಿ ಸೊರಗಿದ್ದ ನೈದಿಲೆ ಮತ್ತೆ ಚಿಗುರಿತು. ಕೊಳಗಳನ್ನು ನೋಡಿಕೊಳ್ಳುವ ಎಲ್ಲರೂ ತಿಳಿದಿರಬೇಕಾದ ಘಟನೆ ಇದು ಎಂದು ನನಗೆ ಅನ್ನಿಸುತ್ತದೆ. ಹಾಗೆಂದು ಈ ಹುಳುವನ್ನು ಅಜೋಲ್ಲಾ ಅಥವಾ ಡಕ್‌ವೀಡ್ ತುಂಬಿದ ಕೊಳಕ್ಕೆ ಬಿಟ್ಟರೆ ಅದಕ್ಕೆ ಬದುಕಲು ಆಹಾರವೇ ಇರುವುದಿಲ್ಲ. ಹಯಸಿಂತ್‌ಗೆ ನಿಯೊಚೆಟಿನಾ ಎಂಬ ಬೇರೆಯೇ ಮೂತಿಹುಳುಗಳಿವೆ. ಅವು ದೊಡ್ಡ ಕೆರೆಗಳಲ್ಲಿ ವರ್ಷಗಟ್ಟಲೆ ಕಾದು ಫಲ ಪಡೆಯಬೇಕಾದ ಉಪಾಯ. ಹತ್ತಡಿಯ ಕೊಳಕ್ಕೆ ಕೈಯೇ ಸಾಕು.

ಎಲ್ಲಿಂದ ಮರಳಿ ಬರುತ್ತದೆ

ಸಾಲ್ವೀನಿಯಾ ಮೊಲೆಸ್ಟಾ ಬಂಜೆ ಗಿಡ. ಅದರ ಬೀಜಕಣಗಳು ಮೊಳೆಯುವುದಿಲ್ಲ, ಹರಡುವುದೆಲ್ಲ ತುಂಡುಗಳಿಂದಲೇ. ಆದುದರಿಂದ ಸಣ್ಣ ಕೊಳದಲ್ಲಿ ಪ್ರತಿಯೊಂದು ತುಂಡನ್ನೂ ಆರಿಸಿ ತೆಗೆದರೆ ಅದು ಪೂರ್ತಿಯಾಗಿ ಹೋಗುತ್ತದೆ. ಆಮೇಲೆ ಬಂದರೆ ಹೊರಗಿನಿಂದಲೇ ಬಂದಿರಬೇಕು. ಹಯಸಿಂತ್ ಹಾಗಲ್ಲ. ಹೂ ಬಾಡಿದ ಮೇಲೆ ಹೂದಂಟು ಬಾಗಿ ಬೀಜಗಳು ಕೆಸರಿಗೆ ಇಳಿಯುತ್ತವೆ ಮತ್ತು 15ರಿಂದ 20 ವರ್ಷ ಜೀವ ಹಿಡಿದಿರಬಲ್ಲವು. ಬೇಸಿಗೆಯಲ್ಲಿ ಕೊಳ ಬತ್ತಿಸಿ, ಗಿಡವೆಲ್ಲ ಒಣಗಿತೆಂದು ನಿಶ್ಚಿಂತರಾಗಿ ಮಳೆಗಾಲದಲ್ಲಿ ನೀರು ತುಂಬಿಸಿದವರಿಗೆ ಅಂಚಿನ ಕೆಸರಿನಲ್ಲಿ ಸಾಲುಸಾಲಾಗಿ ಸಸಿಗಳು ಕಾಣಿಸುವುದು ಇದೇ ಕಾರಣಕ್ಕೆ. ಹೂ ಬಿಡುವ ಮೊದಲೇ ತೆಗೆಯಬೇಕು. ಹೂ ಬಿಟ್ಟಾಗಿದ್ದರೆ ಮುಂದಿನ ಹಲವು ಮಳೆಗಾಲ ಅಂಚುಗಳನ್ನು ನೋಡುತ್ತಿರಬೇಕು. ಪಿಸ್ಟಿಯಾಕ್ಕೂ ಬೀಜದ ದಾರಿ ಇದೆ. ಸ್ಪೈರೊಡೆಲಾ ಪ್ರತಿಕೂಲ ಕಾಲದಲ್ಲಿ ಸಣ್ಣ ಮೊಗ್ಗುಗಳಾಗಿ ತಳಕ್ಕೆ ಮುಳುಗಿದ್ದು, ಅನುಕೂಲವಾದಾಗ ಮೇಲೇಳುತ್ತದೆ.

ಡಕ್‌ವೀಡ್‌ನ ವಿಷಯದಲ್ಲಿ ಕಷ್ಟ ಬರುವುದು ಲೆಕ್ಕದಿಂದ. ಸಾರವತ್ತಾದ ಬೆಚ್ಚಗಿನ ನೀರಿನಲ್ಲಿ ಅದು ಸುಮಾರು ಮೂರು ದಿನಕ್ಕೆ ಇಮ್ಮಡಿಯಾಗುತ್ತದೆ ಎಂದಿಟ್ಟುಕೊಳ್ಳೋಣ. ಅರವತ್ತನಾಲ್ಕರಲ್ಲಿ ಒಂದು ಪಾಲು ಉಳಿಸಿ ಬಂದರೂ ಹದಿನೆಂಟನೆಯ ದಿನಕ್ಕೆ ಕೊಳ ಮತ್ತೆ ಮುಚ್ಚಿರುತ್ತದೆ. ವಾರವೊಂದರಲ್ಲಿ ಅದು ಐದು ಪಟ್ಟಾಗುವುದರಿಂದ, ವಾರಕ್ಕೊಮ್ಮೆ ತೆಗೆಯುವವರು ಪ್ರತಿ ಸಲವೂ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ತೆಗೆದರೆ ಮಾತ್ರ ಮುಂದೆ ಸಾಗುತ್ತಾರೆ. ಅದಕ್ಕಿಂತ ಕಡಿಮೆ ತೆಗೆದರೆ ದುಡಿಮೆಯೆಲ್ಲ ಕಳೆಗೆ ಜಾಗ ಬಿಡಿಸಿಕೊಟ್ಟಂತೆ ಆಗುತ್ತದೆ. ಭಾನುವಾರಕ್ಕೊಮ್ಮೆ ಎರಡು ಗಂಟೆ ದುಡಿಯುವುದಕ್ಕಿಂತ ಮೊದಲ ಮೂರು ವಾರ ದಿನ ಬಿಟ್ಟು ದಿನ ಹದಿನೈದು ನಿಮಿಷ ದುಡಿಯುವುದು ಮೇಲು.

ಏನನ್ನು ಉಂಡು ಬೆಳೆಯುತ್ತಿದೆ

ಕಳೆಯೇ ನೀರಿನ ಗುಣವನ್ನು ಹೇಳುತ್ತದೆ, ನಾವು ಅದರ ಬೇರನ್ನು ನೋಡಬೇಕಷ್ಟೆ. ಡಕ್‌ವೀಡ್‌ನ ಎಲೆ ಗಾಢ ಹಸಿರಾಗಿದ್ದು ಬೇರು ಗಿಡ್ಡವಾಗಿದ್ದರೆ ನೀರಿನಲ್ಲಿ ಸಾರಜನಕ, ರಂಜಕ ಎರಡೂ ಧಾರಾಳವಾಗಿವೆ ಎಂದರ್ಥ. ಎಲೆ ಪೇಲವವಾಗಿ, ಬೇರು ಉದ್ದಕ್ಕೆ ಇಳಿಬಿದ್ದಿದ್ದರೆ ಸಾರ ಮುಗಿಯುತ್ತಾ ಬಂದಿದೆ, ಇನ್ನು ಸ್ವಲ್ಪ ಕಾಲ ತಾಳ್ಮೆಯಿಂದ ತೆಗೆದರೆ ಹತೋಟಿಗೆ ಬರುತ್ತದೆ. ಡಕ್‌ವೀಡ್ ಸೊರಗಿ ಅಜೋಲ್ಲಾ ಮಾತ್ರ ಹುಲುಸಾಗಿದ್ದರೆ ಸಾರಜನಕ ಕಡಿಮೆ, ರಂಜಕ ಹೆಚ್ಚು. ಅಜೋಲ್ಲಾದ ಎಲೆಯೊಳಗೆ ವಾಸಿಸುವ ನೀಲಿಹಸಿರು ಜೀವಿ ಗಾಳಿಯ ಸಾರಜನಕವನ್ನೇ ಹಿಡಿದು ಕೊಡುವುದರಿಂದ ಅದಕ್ಕೆ ಹೊರಗಿನಿಂದ ಬೇಕಾದದ್ದು ಮುಖ್ಯವಾಗಿ ರಂಜಕ. ಮೇವಿನ ತೊಟ್ಟಿಗೆ ಸೂಪರ್ ಫಾಸ್ಫೇಟ್ ಹಾಕುವುದೂ ಅದಕ್ಕೇ. ಅಂತಹ ತೊಟ್ಟಿಯ ನೀರನ್ನು ಕೊಳದ ಮೇಲ್ಭಾಗದಲ್ಲಿ ಚೆಲ್ಲುತ್ತಿದ್ದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ನಾನು ನೋಡಿಕೊಂಡ ಒಂದು ವಸತಿ ಸಮುಚ್ಚಯದ ನೈದಿಲೆ ಕೊಳದಲ್ಲಿ ಡಕ್‌ವೀಡ್ ಎರಡು ವರ್ಷ ಬಿಡದೆ ಕಾಡಿತು. ಮಾಲಿಗಳು ಶ್ರದ್ಧೆಯಿಂದಲೇ ತೆಗೆಯುತ್ತಿದ್ದರು. ಬೇರು ನೋಡಿದಾಗ ಅದು ಕಾಲಂಗುಲಕ್ಕಿಂತ ಗಿಡ್ಡವಾಗಿತ್ತು, ಎಲೆ ಕಡುಹಸಿರಾಗಿತ್ತು. ಬೇಸಿಗೆಯಲ್ಲಿ ಇಂಗಿದ ನೀರನ್ನು ತುಂಬಿಸಲು ಕೊಳಚೆ ನೀರು ಶುದ್ಧೀಕರಣ ಘಟಕದಿಂದ ಒಂದು ಕೊಳವೆ ಎಳೆದಿದ್ದರು. ಆ ನೀರು ಕಣ್ಣಿಗೆ ತಿಳಿಯಾಗಿತ್ತು, ವಾಸನೆಯೂ ಇರಲಿಲ್ಲ, ಆದರೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಪರೀಕ್ಷಾ ಪಟ್ಟಿಯನ್ನು ಅದ್ದಿದಾಗ ನೈಟ್ರೇಟ್‌ನ ಬಣ್ಣ ಪಟ್ಟಿಯ ಕೊನೆಯ ಮನೆಗೆ ಹೋಯಿತು. ಹುಲ್ಲುಹಾಸಿಗೆ ಒಳ್ಳೆಯದಾದ ನೀರು ಕೊಳಕ್ಕೆ ಗೊಬ್ಬರವಾಗಿತ್ತು. ಕೊಳವೆಯನ್ನು ಹುಲ್ಲುಹಾಸಿನ ಕಡೆಗೆ ತಿರುಗಿಸಿ, ಮಹಡಿಯ ಮಳೆನೀರನ್ನು ಕೊಳಕ್ಕೆ ಬಿಟ್ಟ ಮೇಲೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಮಾಲಿಗಳ ಅದೇ ಬಲೆ ಸಾಕಾಯಿತು.

ಉಳಿದ ಮೂಲಗಳನ್ನೂ ಹೀಗೆಯೇ ಒಂದೊಂದಾಗಿ ಪರಿಶೀಲಿಸಬೇಕು. ಮೀನುಗಳಿಗೆ ಎಸೆಯುವ ಪುರಿ, ಅನ್ನ, ಬ್ರೆಡ್ಡು, ಪಕ್ಕದ ಕುಂಡಗಳಿಂದ ಮಳೆಗೆ ತೊಳೆದುಬರುವ ಗೊಬ್ಬರ, ಕೊಟ್ಟಿಗೆಯ ಬಚ್ಚಲು, ಕಾರು ಅಥವಾ ಪಾತ್ರೆ ತೊಳೆದ ನೀರು, ಮೇಲೆ ಬಾಗಿದ ಮರದಿಂದ ಉದುರುವ ಎಲೆ. ಇವೆಲ್ಲ ನಿಂತ ಮೇಲೂ ಕಳೆ ಬಗ್ಗದಿದ್ದರೆ ದೋಷ ಹೂಳಿನಲ್ಲಿದೆ. ದಟ್ಟವಾದ ಹೊದಿಕೆಯಡಿ ಆಮ್ಲಜನಕ ತೀರಿದಾಗ ಹೂಳಿನಲ್ಲಿ ಹಿಡಿದಿಟ್ಟಿದ್ದ ರಂಜಕ ಬಿಡುಗಡೆಯಾಗಿ ನೀರಿಗೆ ಸೇರುತ್ತದೆ, ಅದನ್ನು ಉಂಡು ಹೊದಿಕೆ ಇನ್ನಷ್ಟು ದಟ್ಟವಾಗುತ್ತದೆ. ಇಂತಹ ಕೊಳದ ಹೂಳನ್ನು ಬೇಸಿಗೆಯಲ್ಲಿ ಎತ್ತಿ ಗಿಡಗಳ ಬುಡಕ್ಕೆ ಹಾಕುವುದೇ ಮದ್ದು.

ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ

ಬೆಳಗಿನ ಜಾವ ಮೀನುಗಳು ನೀರಿನ ಮೇಲೆ ಗುಂಪುಗೂಡಿ ಬಾಯಿ ಬಾಯಿ ಬಿಡುತ್ತಿದ್ದು, ಬಿಸಿಲೇರಿದ ಮೇಲೆ ಸುಧಾರಿಸಿಕೊಳ್ಳುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಸಾಲುತ್ತಿಲ್ಲ. ಇಂತಹ ಕೊಳದಲ್ಲಿ ಗಾಬರಿಯಿಂದ ಇಡೀ ಹೊದಿಕೆಯನ್ನು ಒಂದೇ ದಿನ ಎಳೆದುಹಾಕಬಾರದು. ನೀರಿಗಿಳಿದು ತುಳಿದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ, ಹೂಳಿನಿಂದ ಎದ್ದ ಅನಿಲ ಮೀನುಗಳನ್ನು ಕೊಲ್ಲಬಲ್ಲದು. ಮೊದಲ ದಿನ ದಡದಲ್ಲೇ ನಿಂತು ಮೂರರಲ್ಲಿ ಒಂದು ಪಾಲನ್ನು ತೆಗೆದು, ಕಾರಂಜಿ ಅಥವಾ ಗಾಳಿ ಪಂಪನ್ನು ರಾತ್ರಿಯಿಡೀ ನಡೆಸಿ, ಮೂರ್ನಾಲ್ಕು ದಿನ ಬಿಟ್ಟು ಉಳಿದದ್ದನ್ನು ತೆಗೆಯಬೇಕು.

ಸೊಳ್ಳೆಯ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಗಪ್ಪಿ ಮೀನು ಬಿಟ್ಟಿದ್ದೇವೆ, ಸೊಳ್ಳೆಯ ಭಯವಿಲ್ಲ ಎಂಬ ನಂಬಿಕೆ ಪಿಸ್ಟಿಯಾ ಅಥವಾ ಹಯಸಿಂತ್ ಇರುವ ಕೊಳದಲ್ಲಿ ಸುಳ್ಳಾಗುತ್ತದೆ. ಮ್ಯಾನ್ಸೋನಿಯಾ ಸೊಳ್ಳೆಯ ಮರಿಗಳು ಉಸಿರಾಡಲು ಮೇಲೆ ಬರುವುದಿಲ್ಲ. ಈ ಗಿಡಗಳ ಬೇರಿಗೆ ಚುಚ್ಚಿಕೊಂಡು ಅಲ್ಲಿಂದಲೇ ಗಾಳಿ ಪಡೆಯುತ್ತವೆ, ಹಾಗಾಗಿ ಮೀನಿನ ಕಣ್ಣಿಗೆ ಬೀಳುವುದು ಕಡಿಮೆ. ಕೇರಳದ ಚೇರ್ತಲ ಪ್ರದೇಶದಲ್ಲಿ ಆನೆಕಾಲು ರೋಗವನ್ನು ಹರಡುತ್ತಿದ್ದುದು ಈ ಸೊಳ್ಳೆಗಳೇ. ಗಿಡ ತೆಗೆಯುವುದೇ ಇಲ್ಲಿ ಸೊಳ್ಳೆ ನಿವಾರಣೆ.

ತೆಗೆಯುವುದು, ಸಾಗಿಸುವುದು

ದೊಡ್ಡ ಗಿಡಗಳಿಗೆ ಕುಂಟೆ ಅಥವಾ ಉದ್ದ ಹಿಡಿಯ ಕೊಕ್ಕೆ ಸಾಕು. ಡಕ್‌ವೀಡ್, ಅಜೋಲ್ಲಾಗಳಿಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿದ ಬಲೆ ಬೇಕು. ಮೀನಿನ ಬಲೆಯ ಕಣ್ಣುಗಳಲ್ಲಿ ಅವು ಸೋರಿಹೋಗುತ್ತವೆ. ಗಾಳಿ ಅವನ್ನು ಒಂದು ಮೂಲೆಗೆ ನೂಕಿದ ಹೊತ್ತನ್ನು ನೋಡಿ, ನೀರಿಗೆ ಅಡ್ಡಲಾಗಿ ಬಿದಿರಿನ ಗಳವನ್ನೋ ಬಾಳೆದಿಂಡನ್ನೋ ತೇಲಿಸಿ ಇಬ್ಬರು ಎರಡು ದಡಗಳಿಂದ ಎಳೆದುಕೊಂಡು ಬಂದರೆ ಅರ್ಧ ಶ್ರಮ ಉಳಿಯುತ್ತದೆ. ಬಲೆ, ಕುಂಟೆ, ಚಪ್ಪಲಿಗಳನ್ನು ಅಲ್ಲಿಯೇ ಝಾಡಿಸಿ ಒಣಗಿಸಬೇಕು.

ತೆಗೆದ ರಾಶಿಯನ್ನು ದಡದಲ್ಲೇ ಬಿಟ್ಟರೆ ಅದರಿಂದ ಸೋರುವ ರಸ ಮತ್ತೆ ಕೊಳಕ್ಕೇ ಹೋಗುತ್ತದೆ. ಇಳಿಜಾರಿನ ಕೆಳಗೆ ಒಯ್ದು ಒಣಗಿಸಿ, ಸಗಣಿ, ಒಣ ಎಲೆಗಳೊಂದಿಗೆ ಗೊಬ್ಬರದ ಗುಂಡಿಗೆ ಹಾಕಬಹುದು. ಹಯಸಿಂತ್‌ನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ನೀರೇ ಇರುವುದರಿಂದ ದೊಡ್ಡ ರಾಶಿಯೂ ಬೇಗ ಕುಗ್ಗುತ್ತದೆ. ಚರಂಡಿ ಅಥವಾ ಕೊಳಚೆಯ ನೀರಿನಲ್ಲಿ ಬೆಳೆದ ಗಿಡಗಳನ್ನು ದನಗಳಿಗೆ ಹಾಕಬಾರದು, ಅವು ಭಾರ ಲೋಹಗಳನ್ನು ಹೀರಿಕೊಂಡಿರುತ್ತವೆ. ಕೆರೆಗೋ ರಾಜಕಾಲುವೆಗೋ ಎಸೆಯುವುದಂತೂ ಅಕ್ಷಮ್ಯ. ನಮ್ಮ ಕೊಳದ ಒಂದು ಹಿಡಿ ಸಾಲ್ವೀನಿಯಾ ಊರಿನ ಕೆರೆಯನ್ನು ಮುಚ್ಚಲು ಸಾಕು. ಮಳೆಗಾಲದಲ್ಲಿ ಕೊಳ ಕೋಡಿ ಬೀಳುವ ಜಾಗಕ್ಕೂ ಇದೇ ಕಾರಣಕ್ಕೆ ಸಣ್ಣ ಕಣ್ಣಿನ ಜಾಲರಿ ಕಟ್ಟಬೇಕು.

ಮೀನು ಸಾಕುವವರಿಗೆ ಹುಲ್ಲುಗೆಂಡೆ ಮೀನು ಡಕ್‌ವೀಡ್ ಮತ್ತು ಅಜೋಲ್ಲಾವನ್ನು ತಿಂದು ಕಡಿಮೆ ಮಾಡುವ ಒಳ್ಳೆಯ ಜೊತೆಗಾರ. ಆದರೆ ಅದು ಬಹಳ ದೊಡ್ಡದಾಗಿ ಬೆಳೆಯುತ್ತದೆ, ನೀರೊಳಗಿನ ಒಳ್ಳೆಯ ಗಿಡಗಳನ್ನೂ ತಿನ್ನುತ್ತದೆ. ಹಯಸಿಂತ್‌ನ ಹೊದಿಕೆಯನ್ನು ಅದರಿಂದ ತೆಗೆಸುತ್ತೇವೆ ಎಂದು ನಂಬಬಾರದು.

ಕಳೆನಾಶಕಗಳನ್ನು ಮನೆಯ ಕೊಳಕ್ಕೆ ಬಳಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಸತ್ತ ಗಿಡಗಳು ಅಲ್ಲಿಯೇ ಕೊಳೆತು ಆಮ್ಲಜನಕವನ್ನು ಹೀರುತ್ತವೆ, ಅವು ಹಿಡಿದಿಟ್ಟಿದ್ದ ಸಾರವೆಲ್ಲ ನೀರಿಗೇ ಮರಳುತ್ತದೆ, ಜೊತೆಗೆ ನೈದಿಲೆಯೂ ಸಾಯುತ್ತದೆ. ಗ್ಲೈಫೋಸೇಟ್ ಬಳಕೆಯನ್ನು ಕೇಂದ್ರ ಸರ್ಕಾರ 2022ರಲ್ಲಿ ಪರವಾನಗಿ ಪಡೆದ ಕೀಟ ನಿಯಂತ್ರಣ ನಿರ್ವಾಹಕರಿಗಷ್ಟೇ ಸೀಮಿತಗೊಳಿಸಿದೆ. ಪಾಚಿಗೆಂದು ಮೈಲುತುತ್ತ ಹಾಕುವವರು ಮಲೆನಾಡಿನಂತಹ ಮೆದು ನೀರಿನಲ್ಲಿ ತಾಮ್ರದ ವಿಷ ಮೀನುಗಳಿಗೆ ಹಲವು ಪಟ್ಟು ತೀವ್ರವಾಗುತ್ತದೆ ಎಂಬುದನ್ನು ತಿಳಿದಿರಬೇಕು.

ತೆಗೆದ ನಂತರ

ಹೊದಿಕೆ ಹೋದ ಎರಡು ವಾರಕ್ಕೆ ನೀರು ಬಟಾಣಿ ಬೇಯಿಸಿದ ರಸದಂತೆ ಹಸಿರಾದರೆ ಹೊಸ ರೋಗ ಬಂತೆಂದು ಹೆದರಬೇಕಾಗಿಲ್ಲ. ಕಳೆ ಉಣ್ಣುತ್ತಿದ್ದ ಸಾರ ಹಾಗೆಯೇ ಉಳಿದಿದ್ದು, ಬೆಳಕು ಹೊಸದಾಗಿ ಒಳಗೆ ಬಂದುದರಿಂದ ಸೂಕ್ಷ್ಮ ಪಾಚಿ ಆ ಜಾಗವನ್ನು ಹಿಡಿದಿದೆ. ನೀರಿನ ಅರ್ಧದಷ್ಟು ಮೇಲ್ಮೈಯನ್ನು ನೈದಿಲೆಯ ಎಲೆಗಳು ಮುಚ್ಚುವಂತೆ ಬೆಳೆಸಿ, ಅಂಚಿನಲ್ಲಿ ಕೆಸವಿನಂತಹ ಗಿಡಗಳನ್ನು ನೆಟ್ಟರೆ ಅವು ಆ ಸಾರವನ್ನು ಎಳೆದುಕೊಳ್ಳುತ್ತವೆ. ಕಾರಂಜಿಯನ್ನು ದಿನವೂ ನಡೆಸಿದರೆ ಡಕ್‌ವೀಡ್ ನೆಲೆಯೂರಲು ಬೇಕಾದ ನಿಶ್ಚಲ ನೀರು ಕಡಿಮೆಯಾಗುತ್ತದೆ. ಅದರ ಅಲೆ ತಲುಪದ ಮೂಲೆಗಳನ್ನು ಮಾತ್ರ ಪ್ರತ್ಯೇಕವಾಗಿ ನೋಡಬೇಕು.

ಹೊಸ ನೈದಿಲೆ ಗಡ್ಡೆಯನ್ನೋ ಮೀನನ್ನೋ ತಂದಾಗ ನೇರವಾಗಿ ಕೊಳಕ್ಕೆ ಬಿಡಬಾರದು. ಗಡ್ಡೆಯ ಮಣ್ಣನ್ನೆಲ್ಲ ತೊಳೆದು, ಮೂರು ವಾರ ಪ್ರತ್ಯೇಕ ತೊಟ್ಟಿಯಲ್ಲಿ ಇಟ್ಟು, ಆ ತೊಟ್ಟಿಯ ಅಂಚಿನಲ್ಲಿ ರವೆಯಷ್ಟು ಹಸಿರೂ ಕಾಣದಿದ್ದ ಮೇಲೆ ನೆಡಬೇಕು. ಮೀನು ಬಂದ ಪ್ಲಾಸ್ಟಿಕ್ ಚೀಲದ ನೀರನ್ನು ಕೊಳಕ್ಕೆ ಸುರಿಯದೆ ಗಿಡದ ಬುಡಕ್ಕೆ ಚೆಲ್ಲಬೇಕು.